ಸುಸ್ಥಿತಿಯಲ್ಲಿರುವ ಎಂಜಿನ್ನು

ಆ ದಿನ ಬೆಳಿಗ್ಗೆ ಸಿದ್ರಾಮಪ್ಪ ಕಾಲೇಜಿಗೆ ಹೋಗುವಾಗ ಹುಡುಗರಿಗೆ ಏನಾದರೂ ಬಿಚ್ಚಿ ತೋರಿಸೋಣವೆಂದು ಚೀಲದಲ್ಲಿ ಒಂದು ಸ್ಪ್ಯಾನರ್ ಹಾಕಿಕೊಂಡು ಹೋದ. ಆಗಬಾರದ್ದೆಲ್ಲ ಆದದ್ದು ಅದರಿಂದಲೇ. ಎಲ್ಲರ ಹಾಗೆ ಸೀಮೆಸುಣ್ಣ ಹಿಡಿದುಕೊಂಡು ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಸೀಮೆಸುಣ್ಣದಿಂದ ತೊಂದರೆಗೆ ಸಿಕ್ಕಿಕೊಂಡ ಮೇಷ್ಟ್ರು ಆ ಕಾಲೇಜಿನ ಚರಿತ್ರೆಯಲ್ಲೇ ಒಬ್ಬರೂ ಇರಲಿಲ್ಲ.

ಚರಿತ್ರೆ ಎಂದರೆ ಆರು ವರ್ಷದ್ದು. ಯಲಹಂಕ ದಾಟಿ ಬಾಗಲೂರಿನ ಕಡೆ ಹೋಗುವ ರಸ್ತೆಯಲ್ಲಿ, ಎಂಬತ್ತನೇ ಇಸವಿಯಲ್ಲಿ ಎದ್ದುನಿಂತ ಖಾಸಗಿ ಎಂಜಿನಿಯರಿಂಗ್ ಕಾಲೇಜು ಅದು. ಮುಂದೆ ದೊಡ್ಡ ಕಮಾನು, ಅದರ ಹಿಂದೆ ಸಣ್ಣ ಶೀಟಿನ ಶೆಡ್ಡುಗಳು, ಅವುಗಳ ಹಿಂದೆ ದ್ರಾಕ್ಷಿ ತೋಟಗಳು. ವಿಜಾಪುರದ ಕಡೆಯಿಂದ ಬಂದ ಸಿದ್ರಾಮಪ್ಪ ಅಲ್ಲಿ ಮೆಕ್ಯಾನಿಕಲ್ ವಿಭಾಗದ ಲೆಕ್ಚರರ್. ಇನ್ನೂ ಕಾಯಂ ಆಗಿರಲಿಲ್ಲ. ಈ ಕಾಯಂ ಆಗದ ಸಂಗತಿ ಕಾಲೇಜಿಗಿಂತ ಅವನ ಮಾವ ವೀರಬಸಪ್ಪನಿಗೆ ಹೆಚ್ಚು ಚುಚ್ಚುತ್ತಿತ್ತು. "ಪರ್ಮನೆಂಟ್ ಆದ ಮ್ಯಾಲ ಮಗಳನ್ನ ಕಳಸ್ತೀನಿ, ಅಲ್ಲೀತನಕ ಪತ್ರ ಬರಕೊಂಡಿರ್ರಿ" ಎಂದು ಆತ ಮದುವೆಯಾದ ತಿಂಗಳಿಗೇ ಪಾರವ್ವನನ್ನು ವಾಪಸು ಕರೆದುಕೊಂಡು ಹೋಗಿದ್ದ. ಹತ್ತು ತಿಂಗಳಾಯಿತು. ಗಂಗಾನಗರದಲ್ಲಿ ಸಿದ್ರಾಮಪ್ಪ ಇಬ್ಬರಿಗೆಂದು ಹಿಡಿದ ಮನೆಯಲ್ಲಿ ಒಬ್ಬನೇ ಅನ್ನ ಬೇಯಿಸಿ, ಇಬ್ಬರಿಗಾಗುವಷ್ಟು ಬೇಸರಪಟ್ಟುಕೊಂಡು ಮಲಗುತ್ತಿದ್ದ.

ಆ ಬೇಸರ ಮುಗಿಯುವ ದಿನ ಅಂದೇ ಬಂದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಪ್ರಿನ್ಸಿಪಾಲರು ಅವನನ್ನು ಕರೆದು, ಟೈಪಾಗಿ ಕೂತಿದ್ದ ಒಂದು ಹಾಳೆಯನ್ನು ದೂರದಿಂದಲೇ ತೋರಿಸಿದರು.

"ನಿಮ್ಮ ಕನ್ಫರ್ಮೇಷನ್ ಆರ್ಡರ್ ಕಣ್ರೀ. ಇನ್ನು ನನ್ನ ಸಹಿ ಒಂದೇ ಬಾಕಿ. ಮಧ್ಯಾಹ್ನ ಮೂರಕ್ಕೆ ಯೂನಿವರ್ಸಿಟಿ ಕಮಿಟಿ ಬರ್ತಾ ಇದೆ. ಹುಡುಗರು ಕೈಯಿಂದ ಮಾಡಿ ಕಲೀಬೇಕು ಅಂತ ಹೊಸ ಸರ್ಕ್ಯುಲರ್ ಬೇರೆ ಬಂದಿದೆ. ನಮ್ಮ ಡೀಸೆಲ್ ಎಂಜಿನ್ ಇದ್ಯಲ್ಲ, ಅದರ ಪ್ರಾಕ್ಟಿಕಲ್ ತೋರಿಸಿ. ಕಮಿಟಿ ಚೇರ್ಮನ್ ಚೆನ್ನಾಗಿದೆ ಅಂದ್ರೆ ಅಲ್ಲೇ ಸಹಿ ಹಾಕಿ ಕೊಡ್ತೀನಿ."

"ಚೇರ್ಮನ್ ಯಾರ್ರೀ ಸರ್?"

"ರಾಮಕೃಷ್ಣಪ್ಪನೋರು! ನಮ್ಮ ಮೊದಲನೇ ಹೆಚ್ಓಡಿ. ಆ ಎಂಜಿನ್ ತರಿಸಿದ್ದೇ ಅವರು. ಹುಡುಗರು ನೋಡಿ ಬರೆಯೋ ಪ್ರಾಕ್ಟಿಕಲ್ ಪುಸ್ತಕ ಬರೆದವರೂ ಅವರೇ. ಈ ಸಲ ಡೀಸೆಲ್ ಕೂಡ ತರಿಸಿಟ್ಟಿದ್ದೀನಿ, ಸ್ಟಾರ್ಟ್ ಮಾಡೇ ತೋರಿಸಿ. ಹುಡುಗರ ಕೈಲಿ ಎಲ್ಲಾ ಮುಟ್ಟಿಸಿ. ಆದ್ರೆ ಏನನ್ನೂ ಬಿಚ್ಬೇಡಿ."

ಸಿದ್ರಾಮಪ್ಪನ ಕಿವಿಗೆ 'ಮುಟ್ಟಿಸಿ' ಎಂಬುದು ಚೆನ್ನಾಗಿ ಬಿತ್ತು. ಅದಾದ ಮೇಲಿನದು ಕಮಾನಿನ ಹತ್ತಿರ ಹಾರ್ನ್ ಹೊಡೆದ ಬಿಟಿಎಸ್ ಬಸ್ಸಿನ ಪಾಲಾಯಿತು ಎಂದು ಅವನು ಕೊನೆಯವರೆಗೂ ವಾದಿಸಿದ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅವನು ಮನಸ್ಸಿನಲ್ಲೇ ವಿಜಾಪುರದ ರೈಲು ಹತ್ತಿ ಕೂತಿದ್ದ.

ಈಗ ಆ ಎಂಜಿನ್ನಿನ ವಿಷಯ. ಒಂದೇ ಸಿಲಿಂಡರಿನ, ಪಕ್ಕಕ್ಕೆ ದೊಡ್ಡ ಚಕ್ರವಿರುವ, ತೋಟಕ್ಕೆ ನೀರೆತ್ತುವ ಜಾತಿಯ ಎಂಜಿನ್ನು. ಲ್ಯಾಬಿನ ನಡುವೆ ಸಿಮೆಂಟಿನ ಕಟ್ಟೆಯ ಮೇಲೆ ಅದನ್ನು ಕೂರಿಸಿದ್ದರು. ಆರು ಆಯುಧಪೂಜೆಯ ಅರಿಶಿನ ಕುಂಕುಮ ಪದರುಪದರಾಗಿ ಕೂತು ಕಂಪನಿಯ ಹೆಸರು ಮುಚ್ಚಿಹೋಗಿತ್ತು. ಡೀಸೆಲ್ ಬೇಕೆಂದು ವರ್ಷವರ್ಷವೂ ಬರೆದ ಕಾಗದ ವರ್ಷವರ್ಷವೂ ಆಫೀಸಿನಲ್ಲಿ ಮಲಗುತ್ತಿದ್ದುದರಿಂದ ಅದನ್ನು ಯಾರೂ ಓಡಿಸಿರಲಿಲ್ಲ. ಆದರೆ ಪ್ರಾಕ್ಟಿಕಲ್ ಒಂದು ವರ್ಷವೂ ತಪ್ಪಿರಲಿಲ್ಲ. ಹುಡುಗರು ಸುತ್ತ ನಿಲ್ಲುತ್ತಿದ್ದರು. ಅಟೆಂಡರ್ ಸೊಣ್ಣಪ್ಪ ಚಕ್ರವನ್ನು ಒಂದೇ ಬೆರಳಿನಿಂದ ತಿರುಗಿಸಿ, "ನೋಡ್ರಪ್ಪಾ, ಎಂಗೆ ಬೆಣ್ಣೆ ತಿರುಗ್ದಂಗೆ ತಿರುಗ್ತದೆ! ನಾನ್ ಎಣ್ಣೆ ಬಿಡೋ ಮಹಿಮೆ" ಎನ್ನುತ್ತಿದ್ದ. ಆಮೇಲೆ ಎಲ್ಲರೂ ಸೀನಿಯರುಗಳ ಜರ್ನಲ್ ತೆರೆದು, ಸೀನಿಯರುಗಳು ರಾಮಕೃಷ್ಣಪ್ಪನವರ ಪುಸ್ತಕದಿಂದ ಬರೆದುಕೊಂಡಿದ್ದನ್ನು ಬರೆದುಕೊಳ್ಳುತ್ತಿದ್ದರು. ಎಂಜಿನ್ನಿನ ದಕ್ಷತೆ ಪ್ರತಿ ವರ್ಷವೂ ಶೇಕಡ ಇಪ್ಪತ್ತೆಂಟು ಪಾಯಿಂಟ್ ನಾಲ್ಕು. ಮಳೆಯಿರಲಿ ಚಳಿಯಿರಲಿ, ಅದರಲ್ಲಿ ಒಂದು ಚುಕ್ಕೆ ಹೆಚ್ಚುಕಡಿಮೆ ಇಲ್ಲ.

ಹತ್ತೂವರೆಗೆ ಸಿದ್ರಾಮಪ್ಪ ಹನ್ನೆರಡು ಹುಡುಗರನ್ನು ಎಂಜಿನ್ನಿನ ಸುತ್ತ ನಿಲ್ಲಿಸಿಕೊಂಡು ಸ್ಪ್ಯಾನರ್ ಹೊರತೆಗೆದ.

"ಇವತ್ತು ಯಾರೂ ಜರ್ನಲ್ ತಗೀಬ್ಯಾಡ್ರಿ. ಎಂಜಿನ್ ಒಳಗ ಏನೈತಿ ಅಂತ ನಿಮ್ಮ ಕೈಯಾಗ ನೀವ ಬಿಚ್ಚಿ ನೋಡ್ರಿ. ಕಮಿಟಿ ಬರೂದ್ರಾಗ ವಾಪಸ್ ಜೋಡಿಸೋಣ."

ಸೊಣ್ಣಪ್ಪ ಓಡಿಬಂದು ಎಂಜಿನ್ನಿಗೆ ಅಡ್ಡ ನಿಂತ. "ಬ್ಯಾಡ ಸಾರ್! ಪೂಜೆ ಮಾಡಿರೋ ಎಂಜಿನ್ನು. ಬಿಚ್ಚಿದ್ರೆ ಒಳ್ಳೇದಾಗಕಿಲ್ಲ."

"ದೇವರಿಗೂ ಒಮ್ಮೊಮ್ಮೆ ಅಭಿಷೇಕ ಮಾಡ್ತಾರೋ ಇಲ್ಲೋ?" ಎಂದು ಸಿದ್ರಾಮಪ್ಪ ಅವನನ್ನು ಮೆಲ್ಲಗೆ ಸರಿಸಿ, ಸ್ಪ್ಯಾನರನ್ನು ಹತ್ತಿರವಿದ್ದ ಚನ್ನಕೇಶವನ ಕೈಗೆ ಕೊಟ್ಟ. ಚನ್ನಕೇಶವ ಅಲ್ಲಿಂದ ಎರಡು ಮೈಲಿ ಆಚೆಯ ದ್ರಾಕ್ಷಿ ತೋಟದವನು. ಪರೀಕ್ಷೆಗಳಲ್ಲಿ ಅವನ ಹೆಸರು ಪಾಸಾದವರ ಪಟ್ಟಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಆದರೆ ಸ್ಪ್ಯಾನರ್ ಕೈಗೆ ಬಂದದ್ದೇ ತಡ, ನಾಲ್ಕು ನಟ್ಟು ಕಡಲೆಕಾಯಿ ಸುಲಿದಂತೆ ಸುಲಿದು, ಮೇಲಿನ ಮುಚ್ಚಳ ಎತ್ತಿ ಕೆಳಗಿಟ್ಟ. ಹನ್ನೆರಡು ತಲೆಗಳು ಸಿಲಿಂಡರಿನೊಳಗೆ ಬಾಗಿದವು.

ಒಳಗೆ ಪಿಸ್ಟನ್ ಇರಲಿಲ್ಲ. ಪಿಸ್ಟನ್ನಿಗೆ ಜೋಡಿಸುವ ರಾಡೂ ಇರಲಿಲ್ಲ. ಬಾವಿಯಂತಿದ್ದ ಆ ಕೊಳವೆಯ ತಳದಲ್ಲಿ ಕೆಂಪು ಬಟ್ಟೆಯ ಒಂದು ಚೀಲವಿತ್ತು.

"ಇದೇ ಪಿಸ್ಟನ್ನಾ ಸಾರ್?" ಎಂದು ಮೊದಲ ಬೆಂಚಿನವನೊಬ್ಬ ಪೆನ್ನು ತೆಗೆದ.

"ಅದು ನನ್ನ ಎಲೆಅಡಿಕೆ ಚೀಲ" ಎಂದು ಸೊಣ್ಣಪ್ಪ ತಲೆತಗ್ಗಿಸಿದ. ಎಂಜಿನ್ನಿನ ಮಗ್ಗುಲಲ್ಲೇ, ಒಳಗೆ ಕೈ ಹಾಕಲು, ಒಂದು ಪುಟ್ಟ ಬಾಗಿಲಿತ್ತು. ಅದರ ಮೂಲಕ ಅವನು ಆರು ವರ್ಷದಿಂದ ಅಲ್ಲಿ ಚೀಲ ಇಡುತ್ತಿದ್ದ. "ಒಳಗೆ ಜಾಗ ಇರೋದೇ ಇಂಗೆ ಅಂದ್ಕಂಡಿದ್ದೆ ಸಾರ್. ತಂಪಾಗಿರ್ತದೆ, ಎಲೆ ಬಾಡಕಿಲ್ಲ."

ಒಂದೇ ಬೆರಳಿಗೆ ಚಕ್ರ ತಿರುಗುತ್ತಿದ್ದ ಮಹಿಮೆ ಸಿದ್ರಾಮಪ್ಪನಿಗೆ ಈಗ ಅರ್ಥವಾಯಿತು. ಹಿಂದೆಯೇ ಇನ್ನೊಂದು ವಿಷಯವೂ ನೆನಪಾಯಿತು. ಲ್ಯಾಬಿನ ಸಾಮಾನು ರಿಜಿಸ್ಟರಿನಲ್ಲಿ 'ಡೀಸೆಲ್ ಎಂಜಿನ್ ಒಂದು, ಸುಸ್ಥಿತಿಯಲ್ಲಿದೆ' ಎಂದು ಪ್ರತಿ ಮಾರ್ಚಿನಲ್ಲಿ ಯಾರಾದರೂ ಸಹಿ ಹಾಕಬೇಕು. ಕಳೆದ ಮಾರ್ಚಿನಲ್ಲಿ ಹಾಕಿದ್ದವನು ಅವನೇ.

ಇಷ್ಟು ಹೊತ್ತಿಗೆ ಪಕ್ಕದ ಕ್ಲಾಸಿನಲ್ಲಿ ನೋಟ್ಸ್ ಬರೆಸುತ್ತಿದ್ದ ಪಂಚಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಪಂಚಪ್ಪನ ನೋಟ್ಸು ಅವನು ಓದುವಾಗ ಅವನ ಮೇಷ್ಟ್ರು ಬರೆಸಿದ್ದು. ಯಾರ ಕಷ್ಟವನ್ನಾದರೂ ಹತ್ತಿರದಿಂದ ನೋಡಬೇಕೆಂಬ ಆಸೆ ಅವನಿಗೆ ಮೊದಲಿನಿಂದಲೂ ಇತ್ತು.

"ಅಯ್ಯೋ ಸಿದ್ರಾಮಪ್ನೋರೇ, ಪಿಸ್ಟನ್ ಎಲ್ರೀ ಹಾಕಿದ್ರಿ?"

"ನಾ ಎಲ್ಲಿ ಹಾಕ್ಲಿ ಮಾರಾಯ? ಮೊದಲ ಇರಲಿಲ್ಲ!"

"ಮೊದಲು ಇರ್ಲಿಲ್ಲ ಅಂತ ಯಾರ್ ನಂಬ್ತಾರ್ರೀ? ಆರು ವರ್ಷದ ರೀಡಿಂಗ್ ಇದೆ, ಗ್ರಾಫ್ ಇದೆ. ಪಿಸ್ಟನ್ ಇಲ್ದೆ ಗ್ರಾಫ್ ಬರುತ್ತಾ? ಬಿಚ್ಚಿದವರು ನೀವು. ಕಾಣೆಯಾದದ್ದು ನಿಮ್ಮ ಕೈಲಿ. ನಾನು ಹೇಳೋದು ಹೇಳಿದೀನಿ." ಪಂಚಪ್ಪ ಎಲ್ಲವನ್ನೂ ಹೇಳಿದ ಮೇಲೂ ಹೋಗಲಿಲ್ಲ, ಒಂದು ಸ್ಟೂಲು ಎಳೆದುಕೊಂಡು ಕೂತ.

ಸಿದ್ರಾಮಪ್ಪನ ಕಣ್ಣ ಮುಂದೆ ವಿಜಾಪುರದ ರೈಲು ನಿಂತಲ್ಲೇ ನಿಂತಿತು. ಪಾರವ್ವ ಟ್ರಂಕು ಇಳಿಸಿಕೊಂಡು ಮನೆಯ ಕಡೆ ಹೊರಟಂತೆ ಕಂಡಿತು. ಅವನಿಗೆ ಅಳು ಬರುವುದೊಂದು ಬಾಕಿ. ಆಗ ಚನ್ನಕೇಶವ ಕೈ ಒರೆಸಿಕೊಳ್ಳುತ್ತ ಹೇಳಿದ.

"ಸಾರ್, ನಮ್ ತೋಟದ್ ಎಂಜಿನ್ನೂ ಇದೇ ಕಂಪ್ನಿ, ಇದೇ ಸೈಜು. ನಮ್ಮಪ್ಪ ದೇವನಹಳ್ಳಿಗೆ ನಿಶ್ಚಿತಾರ್ಥಕ್ಕೆ ಹೋಗವ್ರೆ, ಬರೋದು ಸಾಯಂಕಾಲ. ಸೈಕಲ್ಲಲ್ ಹೋದ್ರೆ ಒಂದ್ ಗಂಟೆಲಿ ಪಿಸ್ಟನ್ ಬಿಚ್ಕೊಂಡ್ ಬಂದ್ಬಿಡಬೋದು."

ಮುಳುಗುವವನು ಪಿಸ್ಟನ್ ಸಿಕ್ಕರೂ ಹಿಡಿದುಕೊಳ್ಳುತ್ತಾನೆ. ಆರು ಸೈಕಲ್ಲುಗಳು ತೋಟದ ಕಡೆ ಓಡಿದವು. ಚನ್ನಕೇಶವನ ಸೈಕಲ್ಲಿನ ಕ್ಯಾರಿಯರ್ ಮೇಲೆ ಸಿದ್ರಾಮಪ್ಪ ಕಾಲು ಎತ್ತಿಕೊಂಡು ಕೂತಿದ್ದ. ಪಂಪ್‌ಹೌಸಿನ ಹತ್ತಿರ ಕಳೆ ತೆಗೆಯುತ್ತಿದ್ದ ಚನ್ನಕೇಶವನ ತಾಯಿ ಪಟಾಲಮ್ಮ ಈ ದಂಡನ್ನು ನೋಡಿ ಕುಡುಗೋಲು ಹಿಡಿದೇ ಎದ್ದುನಿಂತಳು.

"ಯಾರ್ಲಾ ಇವ್ರೆಲ್ಲ?"

"ನಮ್ ಮೇಷ್ಟ್ರು ಕಣಮ್ಮೋ. ಎಂಜಿನ್ ಪಾಠ ಮಾಡಾಕ್ ಬಂದವ್ರೆ."

"ಪಾಠಾನ ಕಾಲೇಜಲ್ ಮಾಡಾಕಿಲ್ವಾ?" ಎಂದ ಪಟಾಲಮ್ಮನಿಗೆ ವಿಷಯವನ್ನು ಅರ್ಧ ಹೇಳಿ ಅರ್ಧ ನುಂಗಿದರು. ಅವಳು ಸಿದ್ರಾಮಪ್ಪನ ಮುಖ ನೋಡಿದಳು. ಆ ಮುಖ ನೋಡಿದರೆ ಯಾರಿಗಾದರೂ ಒಂದು ಪಿಸ್ಟನ್ ಕೊಡಬೇಕು ಅನ್ನಿಸುತ್ತಿತ್ತು. "ತಗೊಂಡೋಗಿ ಸಾಮಿ. ಸಂಜೆ ಗಿಡಕ್ಕೆ ನೀರ್ ಆಯಿಸ್ಬೇಕು. ಐದ್ ಗಂಟೆಗೆ ವಾಪಸ್ ಬರ್ದಿದ್ರೆ ನಮ್ ಯಜಮಾನ್ರು ಕಾಲೇಜ್ಗೇ ಬತ್ತಾರೆ."

"ಐದಕ್ಕ ತಪ್ಪದ ತರ್ತೀನ್ರೀ ಅವ್ವಾ" ಎಂದು ಸಿದ್ರಾಮಪ್ಪ ಮಾತು ಕೊಟ್ಟ. ವಾಪಸು ಬರುವಾಗ ಪಿಸ್ಟನ್ನನ್ನೂ ರಾಡನ್ನೂ ಟವಲಿನಲ್ಲಿ ಸುತ್ತಿ, ಬಾಣಂತಿಯ ಕೂಸಿನಂತೆ ಎದೆಗವಚಿಕೊಂಡು ಕ್ಯಾರಿಯರ್ ಮೇಲೆ ಕೂತಿದ್ದ. ಗುಂಡಿ ಬಂದಾಗಲೆಲ್ಲ "ಸಾವಕಾಶ, ಸಾವಕಾಶ" ಎನ್ನುತ್ತಿದ್ದ.

ಆಮೇಲಿನ ಎರಡು ಗಂಟೆಯ ಬಗ್ಗೆ ಹೇಳಲೇಬೇಕು. ಆ ಎರಡು ಗಂಟೆ ಸಿದ್ರಾಮಪ್ಪ ಕನ್ಫರ್ಮೇಷನ್ನನ್ನು ಮರೆತ, ಮಾವನನ್ನು ಮರೆತ, ಸುಳ್ಳು ಯಾಕೆ, ಪಾರವ್ವನನ್ನೂ ಸ್ವಲ್ಪ ಮರೆತ. "ಈ ಉಂಗುರದ ಬಾಯಿ ಒಂದರ ಕೆಳಗ ಒಂದು ಬರಬಾರದ್ರೋ, ಬಂದ್ರ ಹೊಗಿ ಕೆಳಗಿಳೀತೈತಿ" ಎಂದು ಅವನು ಪಿಸ್ಟನ್ನಿನ ಉಂಗುರಗಳನ್ನು ತಿರುಗಿಸಿ ತೋರಿಸಿದ. ಮೂರು ವರ್ಷದಿಂದ ತುಟಿ ಬಿಚ್ಚದ ಕಡೆಯ ಬೆಂಚಿನವನು "ಯಾಕ್ ಸಾರ್ ಇಳಿಯುತ್ತೆ?" ಎಂದು ಕೇಳಿದ. ಒಬ್ಬ ಪುಟ್ಟ ಬಾಗಿಲಿನಿಂದ ಕೈ ಹಾಕಿ ಬೋಲ್ಟು ಬಿಗಿದ, ಇನ್ನೊಬ್ಬ ನೀರು ತುಂಬಿದ. ಡೀಸೆಲ್ ಪೈಪಿನ ಗಾಳಿ ತೆಗೆಯುವ ಉಪಾಯ ಸಿದ್ರಾಮಪ್ಪನಿಗೇ ಸರಿಯಾಗಿ ಗೊತ್ತಿರಲಿಲ್ಲ, ಚನ್ನಕೇಶವ ಹೇಳಿಕೊಟ್ಟ. ಮೇಷ್ಟ್ರು ನಾಚಿಕೆಯಿಲ್ಲದೆ ಕಲಿತುಕೊಂಡ. ಎಲ್ಲರ ಮುಖ ಮೂತಿಯೂ ಕಪ್ಪಾಗಿ, ಯಾರು ಮೇಷ್ಟ್ರು ಯಾರು ಹುಡುಗರು ತಿಳಿಯದಂತಾಯಿತು. ಮೇಷ್ಟ್ರ ಕೆಲಸ ಇಷ್ಟು ಚೆಂದದ್ದು ಎಂದು ಸಿದ್ರಾಮಪ್ಪನಿಗೆ ಗೊತ್ತಾದದ್ದು ಅಂದೇ.

ಮೂರೂ ಹತ್ತಕ್ಕೆ ಕಮಿಟಿ ಬಂತು. ಬಿಳಿ ಶರ್ಟಿನ ಇಬ್ಬರು ಮೆಂಬರುಗಳ ನಡುವೆ ಜರಿ ಅಂಚಿನ ಅಂಗವಸ್ತ್ರ ಹೊದ್ದ ರಾಮಕೃಷ್ಣಪ್ಪನವರು. ಅವರು ಎಂಜಿನ್ನನ್ನು ಹಳೆಯ ನೆಂಟರನ್ನು ಕಂಡಂತೆ ಪ್ರೀತಿಯಿಂದ ನೋಡಿದರು.

"ಸ್ಟಾರ್ಟ್ ಗೀರ್ಟ್ ಏನೂ ಬೇಡಿ. ಈ ಎಂಜಿನ್ ನನಗೆ ಚೆನ್ನಾಗಿ ಗೊತ್ತು. ಜರ್ನಲ್ ತೋರಿಸಿ, ಸಾಕು."

"ಹಾಗಂದ್ರೆ ಹೇಗೆ ಸಾರ್? ನಿಮಗೋಸ್ಕರ ಡೀಸೆಲ್ ತರಿಸಿದ್ದೀವಿ" ಎಂದು ಪ್ರಿನ್ಸಿಪಾಲರು ಪಟ್ಟುಹಿಡಿದರು.

"ಬೇಡ ಅಂದ್ನಲ್ರೀ, ಸುಮ್ನೆ ತೊಂದ್ರೆ..."

ಅವರ ಮಾತು ಮುಗಿಯುವ ಮೊದಲೇ ಚನ್ನಕೇಶವ ಹ್ಯಾಂಡಲ್ ಹಾಕಿ ಎರಡು ಸುತ್ತು ತಿರುಗಿಸಿದ. ಎಂಜಿನ್ನು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಡುಗ್ ಡುಗ್ ಡುಗ್ ಎಂದು ಶೀಟಿನ ಸೂರೆಲ್ಲ ನಡುಗುವಂತೆ ಓಡತೊಡಗಿತು. ಆರು ವರ್ಷದ ಅರಿಶಿನ ಕುಂಕುಮ ಚಕ್ಕೆಚಕ್ಕೆಯಾಗಿ ಎದ್ದು ಮೆಂಬರುಗಳ ಬಿಳಿ ಶರ್ಟಿನ ಮೇಲೆ ಕೂತಿತು. ಹುಡುಗರು ಸಿನಿಮಾ ಟಾಕೀಸಿನಲ್ಲಿ ಹೊಡೆಯುವ ಹಾಗೆ ಶಿಳ್ಳೆ ಹೊಡೆದರು.

ರಾಮಕೃಷ್ಣಪ್ಪನವರ ಮುಖ ಮಾತ್ರ, ತಿಥಿ ಊಟಕ್ಕೆ ಸತ್ತವನೇ ಬಂದು ಎಲೆ ಮುಂದೆ ಕೂತದ್ದನ್ನು ನೋಡಿದವರ ಮುಖದಂತಾಯಿತು. ಅವರು ಸಿದ್ರಾಮಪ್ಪನ ತೋಳು ಹಿಡಿದು ಎಂಜಿನ್ನಿನ ಹತ್ತಿರಕ್ಕೇ ಎಳೆದು, ಆ ಸದ್ದಿನಲ್ಲಿ ಇನ್ನಾರಿಗೂ ಕೇಳಿಸದಂತೆ ಕಿವಿಯಲ್ಲಿ ಕೂಗಿದರು.

"ಇದು ಹ್ಯಾಗ್ರೀ ಓಡ್ತಾ ಇದೆ? ಇದ್ರಲ್ಲಿ ಪಿಸ್ಟನ್ನೇ ಇರ್ಲಿಲ್ವಲ್ಲ!"

ಸಿದ್ರಾಮಪ್ಪ ಅವರನ್ನು ನೋಡಿದ. ಅವರು ನಾಲಿಗೆ ಕಚ್ಚಿಕೊಂಡರು.

"ಪಿಸ್ಟನ್ ಇರಲಿಲ್ಲ ಅಂತ ನಿಮಗ ಹೆಂಗ ಗೊತ್ತಾತ್ರೀ ಸರ್?"

ಎಂಜಿನ್ನು ಓಡುತ್ತಲೇ ಇತ್ತು. ರಾಮಕೃಷ್ಣಪ್ಪನವರು ಅಂಗವಸ್ತ್ರದ ತುದಿಯಿಂದ ಹಣೆ ಒರೆಸಿಕೊಂಡರು. "ಪಿಸ್ಟನ್ನು ಬೇರೆ ಪಾರ್ಸೆಲ್‌ನಲ್ಲಿ ಬರಬೇಕಿತ್ತು ಕಣ್ರೀ. ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಕಾದೆ. ಅಷ್ಟರಲ್ಲಿ ಪರೀಕ್ಷೆ ಬಂತು. ಆ ಒಂದು ವರ್ಷಕ್ಕೆ ಅಂತ ಮನೇಲಿ ಕೂತು ರೀಡಿಂಗ್ ಬರೆದೆ. ಅದು ಪುಸ್ತಕ ಆಯ್ತು. ಈಗ ಮೂರನೇ ಮುದ್ರಣ. ಹನ್ನೊಂದು ಕಾಲೇಜಲ್ಲಿ ಅದೇ ಓದ್ತಾರೆ."

"ಹಂಗಂದ್ರ ಆ ಇಪ್ಪತ್ತೆಂಟು ಪಾಯಿಂಟ್ ನಾಲ್ಕು..."

"ನನ್ನ ಮಗಳಿಗೆ ಆಗ ಇಪ್ಪತ್ತೆಂಟು ವರ್ಷ, ನಾಲ್ಕು ತಿಂಗಳು. ಗಂಡು ಹುಡುಕ್ತಾ ಇದ್ವಿ. ಆ ಸಂಖ್ಯೆನೇ ತಲೇಲಿತ್ತು" ಎಂದರು ರಾಮಕೃಷ್ಣಪ್ಪನವರು. ಪಾಪ, ಮನುಷ್ಯ ಕೆಟ್ಟವರೇನೂ ಅಲ್ಲ.

ಅಷ್ಟರಲ್ಲಿ ಹುಡುಗರು ಚಕ್ರದ ಹಗ್ಗಕ್ಕೆ ತೂಕ ನೇತುಹಾಕಿ, ಡೀಸೆಲ್ ಎಷ್ಟು ಕುಡಿಯಿತೆಂದು ಅಳೆದು, ದಕ್ಷತೆಯ ಲೆಕ್ಕ ಮುಗಿಸಿದ್ದರು. ಎಂಜಿನ್ ನಿಲ್ಲಿಸಿದರು. ಕಡೆಯ ಬೆಂಚಿನವನು ಹಿಗ್ಗಿನಿಂದ ಓದಿದ: "ಇಪ್ಪತ್ತೆರಡು ಪಾಯಿಂಟ್ ಆರು ಸಾರ್!"

ಪಂಚಪ್ಪ ಸ್ಟೂಲಿನಿಂದ ಎದ್ದು, ಪುಸ್ತಕ ತೆರೆದು, ಪ್ರಿನ್ಸಿಪಾಲರ ಮೂಗಿನ ಕೆಳಗೆ ಹಿಡಿದ. "ಇಪ್ಪತ್ತೆಂಟು ಪಾಯಿಂಟ್ ನಾಲ್ಕು ಇರ್ಬೇಕು ಸಾರ್. ಆರು ವರ್ಷದಿಂದ ಕರೆಕ್ಟಾಗಿ ಬರ್ತಿತ್ತು. ಬೆಳಿಗ್ಗೆ ಇವರು ಬಿಚ್ಚಿದ್ರು. ನಾನೇ ಕಣ್ಣಾರೆ ನೋಡಿದೆ."

"ಬಿಚ್ಚಿದ್ರಾ?" ಪ್ರಿನ್ಸಿಪಾಲರ ದನಿ ಆಗಷ್ಟೇ ನಿಂತ ಎಂಜಿನ್ನಿನ ಸದ್ದನ್ನೂ ಮೀರಿಸಿತು. "ಬಿಚ್ಬೇಡಿ ಅಂತ ಹೇಳಿರ್ಲಿಲ್ವೇನ್ರೀ? ಒಳ್ಳೇ ಎಂಜಿನ್ನನ್ನ ಹಾಳ್ಮಾಡಿಟ್ರಲ್ರೀ!"

ಸಿದ್ರಾಮಪ್ಪ ರಾಮಕೃಷ್ಣಪ್ಪನವರ ಕಡೆ ನೋಡಿದ. ಅವರು ಒಂದು ಮಾತು ಹೇಳಿದರೆ ಸಾಕಿತ್ತು. ಅವರೂ ಇವನ ಕಡೆ ನೋಡಿದರು, ಪುಸ್ತಕದ ಕಡೆ ನೋಡಿದರು, ಮೆಂಬರುಗಳ ಕಡೆ ನೋಡಿದರು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನಿಮ್ಮದು ಸರಿಯಾಗಿದೆ ಕಣ್ರೀ. ಆದ್ರೆ ನಂದು ಪ್ರಿಂಟಾಗಿದೆ."

ಸಿದ್ರಾಮಪ್ಪ ಬಾಯಿ ತೆರೆದ. ನಡೆದದ್ದೆಲ್ಲ ಹೇಳಿಬಿಡೋಣ ಎಂದುಕೊಂಡ. ಪಿಸ್ಟನ್ ಇರಲಿಲ್ಲ ಎಂದು ಹೇಳಿದರೆ, ಹಾಗಾದರೆ ಮಾರ್ಚಿನಲ್ಲಿ ಸಹಿ ಹಾಕಿದ್ದೇಕೆ ಎಂದು ಕೇಳುತ್ತಾರೆ. ಇತ್ತು ಎಂದರೆ, ಹಾಳುಮಾಡಿದವನು ತಾನೇ ಆಗುತ್ತಾನೆ. ಅವನು ತೆರೆದ ಬಾಯನ್ನು ಮುಚ್ಚಿದ.

ನಾಲ್ಕೂವರೆಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಹೊಸ ಆರ್ಡರ್ ಟೈಪಾಯಿತು. ಹಳೆಯದನ್ನು ಅವನ ಮುಂದೆಯೇ ಹರಿದರು. ಹೊಸದರಲ್ಲಿ ಮೂರು ಸಾಲಿದ್ದವು. ಸಿದ್ರಾಮಪ್ಪನ ಪ್ರೊಬೇಷನ್ನನ್ನು ಇನ್ನೊಂದು ವರ್ಷ ಮುಂದುವರಿಸಲಾಗಿದೆ. ಅವರು ಕೂಡಲೇ ಎಂಜಿನ್ನನ್ನು ಮೊದಲಿದ್ದ ಸ್ಥಿತಿಗೆ ತಂದು, ರಿಜಿಸ್ಟರಿನಲ್ಲಿ ಸಹಿ ಹಾಕತಕ್ಕದ್ದು. ತಪ್ಪಿದಲ್ಲಿ ಕೆಲಸದಿಂದ ತೆಗೆಯಲಾಗುವುದು.

ಅವನನ್ನು ಅಂದೇ ಕೆಲಸದಿಂದ ತೆಗೆಯದಂತೆ ತಡೆಯಲು ರಾಮಕೃಷ್ಣಪ್ಪನವರು ಬಹಳ ಕಷ್ಟಪಟ್ಟರಂತೆ. ಕೊನೆಗೆ 'ತಪ್ಪಿದಲ್ಲಿ' ಎಂಬ ಒಂದು ಪದವನ್ನು ಸೇರಿಸಿ ಹೋದದ್ದು ಅವರ ಉಪಕಾರ.

ಸಿದ್ರಾಮಪ್ಪ ಆರ್ಡರ್ ಹಿಡಿದುಕೊಂಡು ಲ್ಯಾಬಿಗೆ ಬರುವ ಹೊತ್ತಿಗೆ ಐದು ದಾಟಿ, ಹೊರಗೆ ಟ್ರ್ಯಾಕ್ಟರು ನಿಂತಿತ್ತು. ನಿಶ್ಚಿತಾರ್ಥದ ಜರಿ ಪೇಟ ಇನ್ನೂ ತಲೆಯ ಮೇಲಿದ್ದ ದೊಡ್ಡಮುನಿಯಪ್ಪ, ಚನ್ನಕೇಶವನ ಅಪ್ಪ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದ.

"ಏನ್ ಮೇಷ್ಟ್ರೇ, ಗಿಡ ಒಣಗ್ತಾ ಅವೆ. ಎಲ್ಲಿ ನಮ್ ಪಿಸ್ಟನ್ನು?"

ಸಿದ್ರಾಮಪ್ಪ ಸ್ಪ್ಯಾನರ್ ತೆಗೆದುಕೊಂಡ. ಹುಡುಗರು ಈಗ ಪಳಗಿದ್ದರು. ಅರ್ಧ ಗಂಟೆಯಲ್ಲಿ ಪಿಸ್ಟನ್ನೂ ರಾಡೂ ಹೊರಗೆ ಬಂದವು, ಮುಚ್ಚಳ ಮೇಲೆ ಕೂತಿತು. ಸಿದ್ರಾಮಪ್ಪ ಚಕ್ರಕ್ಕೆ ಒಂದು ಬೆರಳು ತಾಗಿಸಿದ. ಬೆಣ್ಣೆಯಂತೆ ತಿರುಗಿತು. ರಿಜಿಸ್ಟರ್ ತೆರೆದು, 'ಸುಸ್ಥಿತಿಯಲ್ಲಿದೆ' ಎಂಬುದರ ಮುಂದೆ ಸಹಿ ಹಾಕಿದ. ಪಾರವ್ವನಿಗೆ ಇನ್ನೊಂದು ವರ್ಷ ಏನೆಂದು ಬರೆಯುವುದು ಎಂದು ಯೋಚಿಸುತ್ತ ರಿಜಿಸ್ಟರ್ ಮುಚ್ಚಿದ.

"ನೋಡ್ತಾ ಕೂರ್ಬೇಡಿ, ಬಿಚ್ಚಿದೋರೇ ಬಂದ್ ಫಿಟ್ ಮಾಡ್ಕೊಡಿ" ಎಂದು ದೊಡ್ಡಮುನಿಯಪ್ಪ ಅವನನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಹತ್ತಿಸಿದ. ಹನ್ನೆರಡು ಹುಡುಗರೂ ಕರೆಯದೆಯೇ ಹತ್ತಿದರು. ಚನ್ನಕೇಶವ ಜರ್ನಲ್ ತೆರೆದು ಮೊಣಕಾಲ ಮೇಲಿಟ್ಟುಕೊಂಡ.

"ಸಾರ್, ಎಫಿಶಿಯೆನ್ಸಿ ಎಷ್ಟು ಅಂತ ಬರ್ಕೊಳ್ಲಿ?"

"ಇಪ್ಪತ್ತೆಂಟು ಪಾಯಿಂಟ್ ನಾಲ್ಕು."

"ಮತ್ತೆ ಇವತ್ತು ಬಂದಿದ್ದು?"

"ಅದನ್ನ ಬರೀಬ್ಯಾಡೋ ತಮ್ಮಾ. ನೆನಪಿಟ್ಕೊ" ಎಂದು ಸಿದ್ರಾಮಪ್ಪ ಟವಲಿನ ಗಂಟನ್ನು ಮತ್ತೆ ಮಡಿಲಿಗೆ ಎಳೆದುಕೊಂಡ.

ಟ್ರ್ಯಾಕ್ಟರು ಕಮಾನು ದಾಟುವಷ್ಟರಲ್ಲಿ ಸೊಣ್ಣಪ್ಪ ಹಿಂದಿನಿಂದ ಓಡುತ್ತ ಬಂದ. ಕೈಯಲ್ಲಿ ಕೆಂಪು ಬಟ್ಟೆಯ ಚೀಲವಿತ್ತು.

"ಸಾರ್! ನನ್ ಎಲೆಅಡಿಕೆ ಚೀಲಾನ ಎಲ್ಲಿಡ್ಲಿ ಸಾರ್?"

ಸಿದ್ರಾಮಪ್ಪ ಜೇಬಿನಿಂದ ಆರ್ಡರ್ ತೆಗೆದು, ಎರಡನೇ ಸಾಲನ್ನು ಇನ್ನೊಮ್ಮೆ ಓದಿದ.

"ಎಂಜಿನ್ನಿನ ಒಳಗ ಇಡಪಾ. ಮೊದಲಿದ್ದ ಸ್ಥಿತಿಗೆ ತರಬೇಕಂತ ಬರದಾರ."